ನೀರುಬೀಗ

ಯಾದವಗಿರಿಯ ಕಲ್ಯಾಣಮಂಟಪದಲ್ಲಿ ಇವತ್ತು
ಅರುಳಪ್ಪನವರ ತಲೆಗೆ ಪೇಟ ತೊಡಿಸಿದರು.
ಒಂದು ಸೈಜು ದೊಡ್ಡದು, ಜಾರಿ ಹುಬ್ಬಿನ ಮೇಲೆ ಕೂತಿತು.
ಶಾಲು, ಗಂಧದ ಹಾರ, ಸೇಬಿನ ಬುಟ್ಟಿ,
ಗಾಜಿನ ಚೌಕಟ್ಟಿನೊಳಗೆ ಬಿನ್ನವತ್ತಳೆ:
'ನಲವತ್ತೊಂದು ವರ್ಷಗಳ ನಿಸ್ವಾರ್ಥ ಸೇವೆ.'
ಏನು ಸೇವೆ ಅಂತ
ಓದಿದವರಿಗೂ ಸರಿಯಾಗಿ ಗೊತ್ತಿದ್ದಂತಿರಲಿಲ್ಲ.

ನನಗೆ ಗೊತ್ತು.
ನಾನು ಖಲೀಲ್, ಮಂಡಿ ಮೊಹಲ್ಲಾದ ಪ್ಲಂಬರ್.
ಇಪ್ಪತ್ತೆರಡರಲ್ಲಿ, ಬೋಗಾದಿ ರಸ್ತೆಯ ಹೊಸ ಮನೆಗೆ
ಸ್ವಂತ ಕೈಯಲ್ಲಿ ಎಳೆದ ಮೊದಲ ಲೈನು.
ಒಂದೇ ಗುಂಡಿಯಲ್ಲಿ ಕುಡಿಯುವ ನೀರೂ ಕಕ್ಕಸಿನ ನೀರೂ
ಅಣ್ಣತಮ್ಮಂದಿರ ಹಾಗೆ ಮಗ್ಗುಲಲ್ಲಿ ಮಲಗಿದ್ದವು.
ಗೃಹಪ್ರವೇಶಕ್ಕೆ ಮೂರೇ ದಿನ.

ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು,
ಪ್ಯಾಂಟಿನ ಕ್ಲಿಪ್ಪು ಬಿಚ್ಚಿದರು,
ಬಗ್ಗಿ ಮಟ್ಟಗೋಲು ಇಟ್ಟರು.
ಗುಳ್ಳೆ ಒಂದು ಮೂಲೆಗೆ ಓಡಿ ನಿಂತಿತು.
"ಒಡಿಯಪ್ಪಾ" ಅಂದರು.
ಅಷ್ಟೇ.

ಅಳುತ್ತಲೇ ಒಡೆದೆ. ಹಾರೆಯ ಪ್ರತಿ ಏಟಿಗೂ
ಉರ್ದುವಿನಲ್ಲೊಂದು ಬೈಗುಳ ಅವರಿಗೆ.
ಕನ್ನಡದ ಪಾಲನ್ನು ಮನೆ ಯಜಮಾನರು ನನಗೆ ಬೈದರು,
ಬೈದಾದ ಮೇಲೆ ಅವರತ್ತ ಒಂದು ಕವರು ಚಾಚಿದರು.
ಅವರು ಕಾಫಿ ಮಾತ್ರ ಕುಡಿದು
"ಲೋಟ ಎಲ್ಲಿ ತೊಳೀತೀರಿ?" ಅಂತ ಕೇಳಿ
ಆ ಮೋರಿಯ ಇಳಿಜಾರನ್ನೂ ಅಳೆದುಬಿಟ್ಟರು.

ಸಂಜೆ ಗುಂಡಿಯ ಅಂಚಿಗೆ ಕೂತು
ಬಾಗಿದ ಕೊಳವೆ ತುಂಡೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ್ದು:
"ಇಲ್ಲಿ ಮೂರು ಬೆರಳು ನೀರು ನಿಂತಿರ್ತದೆ ನೋಡು.
ಊರಿನ ಅಷ್ಟೂ ಮೋರಿಯ ಉಸಿರು ಮನೆಯೊಳಗೆ ನುಗ್ಗದ ಹಾಗೆ
ಈ ಮೂರು ಬೆರಳೇ ತಡೆಯೋದು.
ಬೀಗ ಕಣಯ್ಯಾ ಇದು. ಕೀಲಿಕೈ ಇಲ್ಲ, ಕಬ್ಬಿಣ ಇಲ್ಲ,
ಬರೀ ನೀರು."

ಆಮೇಲೆ ಪುಸ್ತಕ ಬರೆಯಲು ಹೊರಟರು.
ನಿಯಮಗಳೆಲ್ಲ ಇಂಗ್ಲಿಷಿನಲ್ಲಿ, ನಾವೆಲ್ಲ ಐದನೇ ಕ್ಲಾಸು.
ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನೇರವಾಗಿ
ಅಶೋಕ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಬಂದು
ನಮ್ಮೊಂದಿಗೆ ಪದಗಳ ಚೌಕಾಸಿ.
"ವೆಂಟ್ ಪೈಪಿಗೆ ಏನಂತೀರಿ?"
"ಗಾಳಿ ಪೈಪು" ಅಂದ ಸಿದ್ದು.
'ಉಸಿರುಗೊಳವೆ' ಅಂತ ಬರೆದುಕೊಂಡರು.
"ತೊಟ್ಟಿಯ ಅಂಚಿಗೂ ನಲ್ಲಿಯ ಬಾಯಿಗೂ ನಡುವೆ ಬಿಡೋ ಜಾಗಕ್ಕೆ?"
ಅದಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ,
ಜಾಗವನ್ನೇ ಬಿಡುತ್ತಿರಲಿಲ್ಲವಲ್ಲ.
"ಮುಟ್ಟಬಾರದು ತಾನೇ ಸಾಮಿ? ಮಡಿ ಅನ್ನಿ"
ಅಂದಳು ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಕೆಂಪಮ್ಮ.
ಅರುಳಪ್ಪ ಬಹಳ ಹೊತ್ತು ನಕ್ಕರು.
ಆ ಪದ ಮಾತ್ರ ಬರೆಯಲಿಲ್ಲ.

ನೀಲಿ ಶಾಯಿಯ ಅರವತ್ತು ಪುಟ.
ನನ್ನ ಪೆಟ್ಟಿಗೆಯಲ್ಲಿ ವ್ರೆಂಚಿನ ಪಕ್ಕ ಈಗಲೂ ಇದೆ,
ಎಂಟನೇ ಪುಟ ಎಣ್ಣೆ ಕುಡಿದು ಪಾರದರ್ಶಕ,
ಒಂಬತ್ತರ ಚಿತ್ರವೂ ಕಾಣುತ್ತದೆ.

ವೇದಿಕೆಯ ಮೇಲೆ ಒಬ್ಬರು 'ನಗರದ ಶಿಲ್ಪಿ' ಅಂದರು.
ಏನೂ ಕಟ್ಟಿದವರಲ್ಲ ಇವರು, ಒಡೆಸಿದವರು.
ಬಾರದೆ ಹೋದ ವಾಂತಿಭೇದಿಯ ಫೋಟೋ
ಯಾರ ಹತ್ತಿರ ಇರುತ್ತದೆ, ತೋರಿಸಲಿಕ್ಕೆ?
ಆ ಬೋಗಾದಿ ಮನೆಯಲ್ಲಿ ಈಗ ಮೂರನೇ ತಲೆಮಾರು.
ಇವರ ಹೆಸರು ಕೇಳಿದರೆ
"ಯಾರು?" ಅನ್ನುತ್ತಾರೆ. ಕೇಳಿ ನೋಡಿದ್ದೇನೆ.

ಕೊನೆಗೆ ಮೈಕು ಅವರ ಕೈಗೆ ಬಂತು. ಕೆಮ್ಮಿದರು.
"ಹಿಂದುಗಡೆ ಕೈ ತೊಳೆಯೋ ಜಾಗದಿಂದ ವಾಸನೆ ಬರ್ತಾ ಇದೆ.
ಆಷಾಢ, ಮದುವೆ ಇಲ್ಲ, ಯಾರೂ ಬಳಸಿಲ್ಲ,
ನೆಲದ ಟ್ರ್ಯಾಪು ಒಣಗಿದೆ.
ಯಾರಾದ್ರೂ ಒಂದು ಚೊಂಬು ನೀರು ಹಾಕಿ.
ನಮಸ್ಕಾರ."

ತಮಾಷೆ ಅಂದುಕೊಂಡು ಚಪ್ಪಾಳೆ ತಟ್ಟಿದರು.
ನಾನು ಎದ್ದೆ.

ಜಾಲರಿಯ ಮೇಲೆ ಒಣಗಿದ ಒಂದು ತುಂಬೆ ಹೂವು.
ಸರಿಸಿ, ನಿಧಾನ ಹುಯ್ದೆ.
ಗುಳುಕ್ ಅಂದಿತು ಕೆಳಗೆಲ್ಲೋ.
ತಿರುಗಿದರೆ ಬಾಗಿಲಲ್ಲಿ ಅರುಳಪ್ಪ,
ಪೇಟ ಕಂಕುಳಲ್ಲಿ, ಮೂಗು ಮೇಲೆತ್ತಿ.
"ಇನ್ನೊಂದು ಚೊಂಬು ಹಾಕು" ಅಂದರು.